ಉಪಕಾರ ಬೇರೆ, ಪಗಾರ ಬೇರೆ

ತ್ಯಾಗಲಿಯ ದುರ್ಗಮ್ಮನಿಗೆ ಸೊಸೆ ಸೌಮ್ಯಳ ಕೆಲಸದ ಬಗ್ಗೆ ಬಹಳ ಹೆಮ್ಮೆ. ಸೌಮ್ಯ ಶಿರಸಿ ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸುಗಳ ಸಹಾಯಕಿ. ರೋಗಿಗಳ ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಸಲೈನ್ ಬಾಟಲಿ ಮುಗಿಯುತ್ತಾ ಬಂದರೆ ನರ್ಸಿಗೆ ಹೇಳುವುದು ಅವಳ ಕೆಲಸ. ಬೇಸಿಗೆಯಲ್ಲಿ ಅವಳು ಡಾಕ್ಟರ ಮನೆಯಿಂದ ಹಲಸಿನ ಹಪ್ಪಳದ ಕಟ್ಟು ತಂದರೆ ಮುಗಿಯಿತು, ದುರ್ಗಮ್ಮ ಕೇರಿಗೆಲ್ಲ ಹಂಚಿ ಬರುತ್ತಿದ್ದಳು.

"ಡಾಕ್ಟ್ರಮ್ಮ ನಮ್ಮ ಸೌಮ್ಯನ್ನ ಮನೆ ಮಗಳ ಹಾಂಗೆ ನೋಡ್ಕಳ್ತಾರೆ" ಎಂದು ಡಾಕ್ಟರ ಹೆಂಡತಿಯನ್ನು ಹೊಗಳುತ್ತಿದ್ದಳು. ಆ ಹಪ್ಪಳ ಒತ್ತುವವರು ಯಾರು ಎಂದು ಮಾತ್ರ ಕೇಳಿರಲಿಲ್ಲ.

ಸೌಮ್ಯ ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬರುತ್ತಿದ್ದಳು. ಅಷ್ಟು ಹೊತ್ತಿಗೆ ಮಗ ಪ್ರಮೋದ ಅಜ್ಜಿಯ ಮಗ್ಗುಲಲ್ಲಿ ನಿದ್ದೆ ಹೋಗಿರುತ್ತಿದ್ದ. ಭಾನುವಾರವೂ ರಜೆ ಇಲ್ಲ. 2004ರ ಬೇಸಿಗೆಯಲ್ಲಿ ಒಂದು ದಿನ ಅವಳು ಮೆಲ್ಲಗೆ ಬಾಯಿಬಿಟ್ಟಳು.

"ಅತ್ತೆ, ವಾರಕ್ಕೊಂದು ರಜೆ ಕೊಡಿ, ಪಗಾರ ಸ್ವಲ್ಪ ನೋಡಿ ಅಂತ ಡಾಕ್ಟ್ರ ಹತ್ರ ಕೇಳ್ಲಾ? ಹೀಂಗೇ ಆದ್ರೆ ನನ್ನ ಹತ್ರ ಆಗುದಿಲ್ಲ."

"ಎಂತಾ ಮಾತಾಡ್ತೀಯೆ ಮಾರಾಯ್ತಿ! ನಿನ್ನ ಹೆರಿಗೆ ಕಷ್ಟ ಆದಾಗ ಉಳಿಸಿದವ್ರು ಯಾರು? ಬಿಲ್ಲೂ ಕಮ್ಮಿ ಮಾಡಿದ್ರು. ಅವ್ರ ಹತ್ರ ಕೂಲಿ ಮಾತಾಡೂಕೆ ನಾಚ್ಕೆ ಆಗುದಿಲ್ವಾ?"

ಮರುದಿನವೂ ಸೌಮ್ಯ ಮೊದಲ ಬಸ್ಸಿಗೇ ಹೋದಳು.

ಕೆಲವೇ ದಿನಗಳಲ್ಲಿ ದುರ್ಗಮ್ಮನ ಗಂಡ ಶಂಕ್ರಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು, ಅದೇ ನರ್ಸಿಂಗ್ ಹೋಮಿನಲ್ಲಿ. ದುರ್ಗಮ್ಮ ಜೊತೆಗೆ ಉಳಿದಳು. ಪಕ್ಕದ ಮಂಚದಲ್ಲಿ ದಾಸನಕೊಪ್ಪದ ಮುರಿಗೆವ್ವ ತನ್ನ ತಂಗಿಯನ್ನು ನೋಡಿಕೊಳ್ಳುತ್ತಿದ್ದಳು. ಮುರಿಗೆವ್ವ ಇನ್ನೊಂದು ಆಸ್ಪತ್ರೆಯಲ್ಲಿ ಆಯಾ.

ಮಧ್ಯಾಹ್ನ ಮಹಡಿಯ ಮೇಲಿದ್ದ ಡಾಕ್ಟರ ಮನೆಯಿಂದ ಅವರ ಹೆಂಡತಿ ಸುಬ್ಬಲಕ್ಷ್ಮಿಯವರ ದನಿ ಕೇಳಿತು. "ಸೌಮ್ಯಾ, ಹಲಸಿನಕಾಯಿ ಕುಟ್ಟಿ ಆತು, ಬಾರೇ!" ಸೌಮ್ಯ ಕೈ ತೊಳೆದುಕೊಂಡು ಮೇಲೆ ಹೋದಳು.

ಸ್ವಲ್ಪ ಹೊತ್ತಿಗೆ ಶಂಕ್ರಪ್ಪನ ಸಲೈನ್ ಬಾಟಲಿ ಬರಿದಾಯಿತು. ನಳಿಗೆಯಲ್ಲಿ ರಕ್ತ ಮೇಲೇರತೊಡಗಿತು. ದುರ್ಗಮ್ಮ ಕೂಗಿದಳು, ಯಾರೂ ಬರಲಿಲ್ಲ. ಮೆಟ್ಟಿಲು ಹತ್ತಿ ಓಡಿದಳು. ಮೇಲೆ ಚಾಪೆಯ ತುಂಬ ಹಪ್ಪಳ. ಸಹಾಯಕಿಯರೆಲ್ಲ ಸಾಲಾಗಿ ಕೂತು ಒತ್ತುತ್ತಿದ್ದಾರೆ. ರಾತ್ರಿ ಪಾಳಿಯವಳು ಬಾರದೆ ಹಿಂದಿನ ದಿನದಿಂದ ಅಲ್ಲೇ ಇದ್ದ ಸೌಮ್ಯ, ಉಂಡೆ ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದಾಳೆ.

ನರ್ಸು ಬಂದು ಬಾಟಲಿ ಬದಲಿಸಿದಳು. ಶಂಕ್ರಪ್ಪನಿಗೆ ಏನೂ ಆಗಲಿಲ್ಲ. ಆದರೆ ಡಾಕ್ಟರು ಎಲ್ಲರೆದುರು ಸೌಮ್ಯಳ ಮೇಲೆ ಹರಿಹಾಯ್ದರು. "ರೋಗಿ ಬಿಟ್ಟು ಎಲ್ಲಿಗೆ ಹೋಗಿದ್ದೆ? ಇನ್ನೊಂದು ಸಲ ಹೀಗಾದ್ರೆ ಕೆಲಸಕ್ಕೆ ಬರೋದೇ ಬೇಡ!" "ನಿಮ್ಮ ಮನೆಗೇ" ಎಂದು ಸೌಮ್ಯ ಹೇಳಲಿಲ್ಲ. ತಲೆ ತಗ್ಗಿಸಿ ನಿಂತಳು. ದುರ್ಗಮ್ಮ ಡಾಕ್ಟರು ಹೋದ ದಿಕ್ಕನ್ನೇ ಸಿಟ್ಟಿನಿಂದ ನೋಡಿದಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ" ಎಂದಳು ಮುರಿಗೆವ್ವ. "ಆಸ್ಪತ್ರಿ ಆಯಾಗೋಳಿಗೂ ಸರ್ಕಾರ ಕನಿಷ್ಠ ಕೂಲಿ ಗೊತ್ತು ಮಾಡೇತಿ. ದಿನಕ್ಕ ಒಂಬತ್ತು ತಾಸು ದುಡಿಮಿ, ವಾರಕ್ಕೊಂದು ಸೂಟಿ. ಹೆಚ್ಚಿಗಿ ದುಡಿಸಿಕೊಂಡ್ರ ಆ ತಾಸಿಗೆ ಎರಡು ಪಟ್ಟು ಕೊಡಬೇಕ್ರಿ."

"ಕೇಳಿದ್ರೆ ಕೆಲ್ಸದಿಂದ ತೆಗ್ದ್ರೆ?"

"ಒಬ್ಬಾಕಿ ಕೇಳಿದ್ರ ಹೆದರಸ್ತಾರ. ನಮ್ಮಲ್ಲಿ ನಾವೆಲ್ಲಾರೂ ಕೂಡೇ ಹೋದ್ವಿ. ಮೊದಲ ಕಾರ್ಮಿಕ ನಿರೀಕ್ಷಕರ ಆಫೀಸಿನ್ಯಾಗ ಕೇಳಿ ತಿಳಕೊಂಡ್ವಿ. ಈಗ ಕೈಗವಸು ಅದಾವು, ಪಾಳಿ ಅದಾವು."

"ಆದ್ರೂ ಆ ಡಾಕ್ಟ್ರು ನಮಗೆ ದೊಡ್ಡ ಉಪಕಾರ ಮಾಡಿದಾರೆ..."

"ಉಪಕಾರ ಬ್ಯಾರೆ, ಪಗಾರ ಬ್ಯಾರೆ ರೀ. ಉಪಕಾರಕ್ಕ ಕೈ ಮುಗೀರಿ. ಪಗಾರ ಕೇಳಿ ಇಸ್ಕೋರಿ."

ದುರ್ಗಮ್ಮ ಆ ಮಾತನ್ನು ಸೌಮ್ಯಳಿಗೂ ಅವಳ ಜೊತೆಯವರಿಗೂ ಹೇಳಿದಳು. ಶಂಕ್ರಪ್ಪ ಮನೆಗೆ ಹೊರಡುವ ದಿನ ಡಾಕ್ಟರ ಕೋಣೆಯ ಬಾಗಿಲಲ್ಲಿ ಸೌಮ್ಯಳ ಜೊತೆ ಸಹಾಯಕಿಯರೆಲ್ಲ ನಿಂತಿದ್ದರು. ಮುಂದೆ ದುರ್ಗಮ್ಮ.

"ಡಾಕ್ಟ್ರೆ, ನನ್ನ ಸೊಸೆ, ಮೊಮ್ಮಗ ಇಬ್ರನ್ನೂ ಉಳಿಸಿದ್ದು ನೀವು. ಅದನ್ನ ಸಾಯೂವರಿಗೂ ಮರೆಯುದಿಲ್ಲ. ಆದ್ರೆ ಆ ಋಣನ ಇವಳ ನಿದ್ದೆಯಿಂದ ಮುರ್ಕಳ್ಬೇಡಿ."

ಈಗ ಸೌಮ್ಯಳಿಗೂ ಧೈರ್ಯ ಬಂತು. "ಸರ್, ಅವತ್ತು ನಾನು ಮೇಲೆ ಹಪ್ಪಳ ಒತ್ತುತಾ ಇದ್ದೆ. ಅಮ್ಮ ಕರೆದಿದ್ರು. ನಾವು ರೋಗಿಗಳನ್ನ ನೋಡ್ಕಳ್ಳೂಕೆ ಬಂದವ್ರು. ಅದಕ್ಕೆ ಕೈಗವಸು, ಸರಿಯಾದ ಪಾಳಿ, ರಜೆ, ಪಗಾರ ಕೊಡಿ."

ಡಾಕ್ಟರು ಹಾಜರಿ ಪುಸ್ತಕ ತರಿಸಿ ನೋಡಿದರು. ಅವರು ಕೆಟ್ಟವರೇನಲ್ಲ. ಯಾರೂ ಕೇಳಿರಲಿಲ್ಲ, ಅವರೂ ಯೋಚಿಸಿರಲಿಲ್ಲ. ಅದು ನೆಪ ಆಗುವುದಿಲ್ಲ ಬಿಡಿ! ಆ ವಾರವೇ ಕೈಗವಸು ಬಂತು, ಪಾಳಿ ಗೊತ್ತಾಯಿತು. ಪಗಾರಕ್ಕೆ ಮಾತ್ರ ಎಲ್ಲರೂ ಇನ್ನೊಮ್ಮೆ ಹೋಗಿ ನಿಲ್ಲಬೇಕಾಯಿತು. ನಿಂತರು, ಸಿಕ್ಕಿತು. ಮುಂದಿನ ಭಾನುವಾರ ಪ್ರಮೋದ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅಮ್ಮ ಇದ್ದಳು.

ಅಕ್ಕ ತಂಗಿಯರೇ, ನಿಮ್ಮ ಮನೆಯ ಹೆಣ್ಣುಮಗಳು ಆಸ್ಪತ್ರೆಯಲ್ಲಿ ದುಡಿಯುತ್ತಿದ್ದಾಳೆಯೇ? ಎಷ್ಟು ಹೊತ್ತು ದುಡಿದೆ, ರಜೆ ಸಿಕ್ಕಿತಾ ಎಂದು ಇವತ್ತೇ ಕೇಳಿ. ನ್ಯಾಯದ ಕೂಲಿ ಕೇಳಲು ಅವಳನ್ನು ಒಬ್ಬಳೇ ಕಳಿಸಬೇಡಿ, ಜೊತೆಗೆ ಹೋಗಿ. ಗೊತ್ತಾಗದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ. ನಾಳೆ ಆ ಮಂಚದ ಮೇಲೆ ನಾವು ನೀವೇ ಮಲಗಬೇಕಾದೀತು. ಆಗ ನಮ್ಮ ಪಕ್ಕ ನಿಲ್ಲುವವಳು ಕಣ್ತುಂಬ ನಿದ್ದೆ ಮಾಡಿ ಬಂದಿರಬೇಕೋ ಬೇಡವೋ, ನೀವೇ ಹೇಳಿ.