ನೆತ್ತಿಗೆ ಇಟ್ಟ ಚುಕ್ಕಿ ಎಷ್ಟು ಕಾಲ ಬಾಳುತ್ತದೆ?

ದಕ್ಷಿಣ ಕೊರಿಯಾದ ತೊಂಗ್ಯೊಂಗ್ ಬಂದರಿನ ಹೆಂಗಸರಿಗೆ ಚಳಿಗಾಲ ಬಂತೆಂದರೆ ಎರಡೇ ಲೋಕ. ಒಂದು ಕಡಲ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡು, ಇನ್ನೊಂದು ಊರ ಸ್ನಾನದ ಮನೆ. ವಾರದಲ್ಲಿ ಆರು ದಿನ ಅವರು ತಲೆಗೆ ಬಟ್ಟೆ ಬಿಗಿದು, ರಬ್ಬರ್ ಕೈಗವಸು ತೊಟ್ಟು, ನಿಂತ ಕಾಲಲ್ಲೇ ಚಿಪ್ಪು ಬಿಡಿಸುತ್ತಾರೆ. ಏಳನೆಯ ದಿನ ಸ್ನಾನದ ಮನೆಯ ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ ಕೂರುತ್ತಾರೆ. ಆಗ ಎಲುಬಿನೊಳಗೆ ಹೆಪ್ಪುಗಟ್ಟಿದ್ದ ಕಡಲು ಮೆಲ್ಲಗೆ ಕರಗುತ್ತದೆ. ಆಮೇಲೆ ಸಾಲಾಗಿ ಕೂತು ಒಬ್ಬರ ಬೆನ್ನು ಒಬ್ಬರು ಉಜ್ಜುತ್ತಾರೆ.

ಯೊನ್‌ಸಿಲ್‌ಗೆ ಐವತ್ತೆಂಟು. ದೋಣಿ ನಡೆಸುತ್ತಿದ್ದ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಶೆಡ್ಡಿನ ಬೇರೆ ಹೆಂಗಸರನ್ನೆಲ್ಲ ಇಂಥವರ ಅಮ್ಮ ಎಂದು ಮಕ್ಕಳ ಹೆಸರಿನಿಂದ ಕರೆಯುತ್ತಿದ್ದರು. ಇವಳನ್ನು ಮಾತ್ರ ತವರಿನ ದ್ವೀಪದ ಹೆಸರು ಹಿಡಿದು ‘ಕೋಜೆಯವಳು’ ಎನ್ನುತ್ತಿದ್ದರು. ಅವಳನ್ನು ಇನ್ನೊಬ್ಬರ ಕೈ ಮುಟ್ಟುತ್ತಿದ್ದದ್ದು ವಾರಕ್ಕೊಮ್ಮೆ, ಆ ಸ್ನಾನದ ಮನೆಯಲ್ಲಿ.

ಕಳೆದ ಚಳಿಗಾಲದ ಒಂದು ದಿನ ತೊಟ್ಟಿಯಲ್ಲಿ ಮುಳುಗಿ ಎದ್ದಾಗ ಅವಳ ಒದ್ದೆ ಕೂದಲು ಎರಡೂ ಬದಿಗೆ ಅಂಟಿಕೊಂಡಿತು. ನಡುವಿನ ಬೈತಲೆ ಅಗಲವಾಗಿ, ಬೆಳ್ಳಗೆ ಹೊಳೆಯಿತು.

“ಅಯ್ಯೋ ನೋಡ್ರೇ, ಕೋಜೆಯವಳ ನೆತ್ತಿ ಮೇಲೆ ಚಂದ್ರ ಹುಟ್ಟಿದಾನೆ!” ಎಂದಳು ಪಕ್ಕದವಳೊಬ್ಬಳು.

ಎಲ್ಲರೂ ನಕ್ಕರು. ಯೊನ್‌ಸಿಲ್ ಕೂಡ ನಕ್ಕಳು. ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ.

“ಯಾಕೇ ಬರ್ತಿಲ್ಲ?” ಎಂದು ಶೆಡ್ಡಿನಲ್ಲಿ ಕೇಳಿದರು.

“ಮಂಡಿ ನೋವು.”

“ಮಂಡಿ ನೋವಿಗೇ ಅಲ್ವೇನೇ ಬಿಸಿನೀರು! ಒಳ್ಳೆ ಕಥೆ ಹೇಳ್ತೀಯ.”

ಅವಳು ಮನೆಯಲ್ಲೇ ಪ್ಲಾಸ್ಟಿಕ್ ಟಬ್ಬಿನ ಮುಂದೆ ಕೂತು ಮೀಯತೊಡಗಿದಳು. ಬೆನ್ನಿನ ನಡುವೆ ಅಂಗೈಯಗಲದ ಒಂದು ಜಾಗವಿತ್ತು. ಅವಳ ಕೈ ಅಲ್ಲಿಗೆ ಮೇಲಿನಿಂದಲೂ ಎಟುಕುತ್ತಿರಲಿಲ್ಲ, ಕೆಳಗಿನಿಂದಲೂ ಎಟುಕುತ್ತಿರಲಿಲ್ಲ. ಚಳಿಗಾಲವಿಡೀ ಆ ಜಾಗ ಯಾರೂ ಕಾಲಿಡದ ದ್ವೀಪದಂತೆ ಹಾಗೇ ಉಳಿಯಿತು.

ಈ ಚಳಿಗಾಲದ ಮೊದಲಿಗೆ ಅವಳು ಯಾರಿಗೂ ಹೇಳದೆ ಪೇಟೆಯ ಚರ್ಮದ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸಿ, ಬೇರೆ ಕಾಯಿಲೆಯಿಂದ ಕೂದಲು ಉದುರುತ್ತಿಲ್ಲವೆಂದು ಖಚಿತ ಮಾಡಿಕೊಂಡರು. ಆಮೇಲೆ ಸಣ್ಣ ಸೂಜಿಯಿಂದ ಬೈತಲೆಯುದ್ದಕ್ಕೂ ಬಣ್ಣದ ಚುಕ್ಕಿ ಇಟ್ಟರು. ಸ್ಕಾಲ್ಪ್ ಮೈಕ್ರೋಪಿಗ್ಮೆಂಟೇಶನ್ ಎಂದು ಅದಕ್ಕೊಂದು ಉದ್ದದ ಹೆಸರು. ಅದರಿಂದ ಕೂದಲು ಹುಟ್ಟುವುದಿಲ್ಲ, ಕೂದಲ ಬುಡ ದಟ್ಟವಾಗಿರುವಂತೆ ಕಾಣುತ್ತದೆ, ಅಷ್ಟೆ. ನರ್ಸಮ್ಮ ಒಂದು ಹಾಳೆ ಕೊಟ್ಟು, “ಇದನ್ನ ತಪ್ಪದೆ ಓದಿ, ಮುಂದಿನ ತಿಂಗಳು ಬನ್ನಿ” ಎಂದಳು. ಯೊನ್‌ಸಿಲ್ ಹಾಳೆಯನ್ನು ಮಡಚಿ ಚೀಲದ ತಳಕ್ಕೆ ಹಾಕಿದಳು. ಅವಳ ಲೆಕ್ಕದಲ್ಲಿ ಅದು ಹಚ್ಚೆ. ಹಚ್ಚೆಯೆಂದರೆ ಚಿತೆಯವರೆಗೆ ಜೊತೆ ಬರುವಂಥದ್ದು.

ಚುಕ್ಕಿ ಇಡಿಸಿದ ಆರನೆಯ ದಿನಕ್ಕೆ ರಜೆ ಬಂತು. ಕನ್ನಡಿಯಲ್ಲಿ ನೋಡಿದರೆ ಬೈತಲೆ ಕಪ್ಪಗೆ ತುಂಬಿಕೊಂಡಿತ್ತು. ಅವಳು ಟವಲ್ಲು ಹೆಗಲಿಗೆ ಹಾಕಿ ಹುಡುಗಿಯ ಹಾಗೆ ಓಡಿದಳು. ತೊಟ್ಟಿಯಲ್ಲಿ ಮುಳುಗಿದಳು, ಉಗಿ ಕೋಣೆಗೆ ಹೋಗಿ ಬಂದಳು, ಮತ್ತೆ ಹೋದಳು. ನೆತ್ತಿಯ ಮೇಲಿನ ಸಣ್ಣ ಹಕ್ಕಳೆ ತುರಿಸುತ್ತಿತ್ತು. ಮೈಮೇಲೆ ಉದುರುವಂಥದ್ದು ಏನಿದ್ದರೂ ಅದನ್ನು ಕೊಳೆಯೆಂದು ಉಜ್ಜಿ ತೆಗೆಯುವುದೇ ಆ ಊರಿನ ಹೆಂಗಸರ ರೂಢಿ. ಹಸಿರು ಬಣ್ಣದ ಒರಟು ಬಟ್ಟೆಯಿಂದ ನೆತ್ತಿಯನ್ನೂ ಉಜ್ಜಿ ಮನೆಗೆ ಬಂದಳು.

ಮೂರು ವಾರಕ್ಕೆ ಚುಕ್ಕಿಗಳು ಬೆಳಗಿನ ಜಾವದ ನಕ್ಷತ್ರಗಳ ಹಾಗೆ ಮಾಸಿದವು. ಅಲ್ಲಲ್ಲಿ ಕಾಣದಂತೆಯೇ ಹೋದವು. ಯೊನ್‌ಸಿಲ್ ಬಾಗಿಲು ಹಾಕಿಕೊಂಡು, ಒಂದು ಕನ್ನಡಿ ಮುಂದೆ ಇಟ್ಟು ಇನ್ನೊಂದನ್ನು ತಲೆಯ ಮೇಲೆ ಹಿಡಿದು ನೋಡಿದಳು. ಎಷ್ಟು ಹೊಂದಿಸಿದರೂ ನೆತ್ತಿ ಕನ್ನಡಿಯಿಂದ ಜಾರಿ ಜಾರಿ ಹೋಯಿತು. ಸ್ನಾನದ ಮನೆಯ ಕಡೆ ಮತ್ತೆ ತಲೆ ಹಾಕಲಿಲ್ಲ.

ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಸ್ನಾನದ ಮನೆಯಲ್ಲಿ ಬಂದವರ ಮೈ ಉಜ್ಜುವ ಕೆಲಸದ ಹ್ವಾಜಾ, ಕಿತ್ತಳೆ ಹಣ್ಣಿನ ಚೀಲ ಹಿಡಿದು ನಿಂತಿದ್ದಳು. ಯೊನ್‌ಸಿಲ್‌ಗಿಂತ ಐದಾರು ವರ್ಷ ದೊಡ್ಡವಳು, ದಪ್ಪ ತೋಳಿನವಳು.

“ಬದುಕಿದೀಯೋ ಇಲ್ವೋ ನೋಡೋಣ ಅಂತ ಬಂದೆ. ಒಳಗೆ ಕರೀತೀಯೋ, ಇಲ್ಲೇ ಹೆಪ್ಪುಗಟ್ಟಲೋ?”

ಒಳಗೆ ಕೂತು ಮೊದಲ ಹಣ್ಣು ಸುಲಿಯುವಷ್ಟರಲ್ಲಿ ಯೊನ್‌ಸಿಲ್ ಎಲ್ಲ ಹೇಳಿಬಿಟ್ಟಳು.

“ಮೋಸ ಹೋದೆ ಅಕ್ಕಾ. ನೆತ್ತಿಗೆ ಚುಕ್ಕಿ ಹಾಕಿಸ್ಕೊಂಡೆ. ಸಾಯೋ ತನಕ ಇರುತ್ತೆ ಅಂದ್ಕೊಂಡಿದ್ದೆ. ಮೂರು ವಾರಕ್ಕೇ ಹೋಯ್ತು.”

ಹ್ವಾಜಾ ಹಣ್ಣು ಕೆಳಗಿಟ್ಟಳು. “ಎಷ್ಟನೇ ದಿನಕ್ಕೆ ಸ್ನಾನಕ್ಕೆ ಬಂದಿದ್ದೆ?”

“ಆರನೇ ದಿನ.”

“ಉಗಿ ಕೋಣೆಗೂ ಹೋದ್ಯಾ?”

“ಎರಡು ಸಲ.”

“ನೆತ್ತಿ ಉಜ್ಜಿದ್ಯಾ?”

“ಮೆತ್ತಗೆ.”

“ಯಾವ ಬಟ್ಟೇಲೇ?”

“ಹಸಿರು ಬಟ್ಟೆ.”

ಹ್ವಾಜಾ ಹಣೆ ಚಚ್ಚಿಕೊಂಡಳು. “ಅಯ್ಯೋ ಮಾರಾಯ್ತಿ! ಆ ಬಟ್ಟೆಗೆ ದೋಣಿ ಬಣ್ಣಾನೇ ನಿಲ್ಲಲ್ಲ! ನಾನು ಅಲ್ಲೇ ಇದ್ದೆನಲ್ಲೇ, ಒಂದು ಮಾತು ಕೇಳಬಾರದಿತ್ತಾ?”

“ಯಾರಿಗೂ ಗೊತ್ತಾಗಬಾರದು ಅಂತ ತಾನೇ ಹಾಕಿಸ್ಕೊಂಡಿದ್ದು.”

ಹ್ವಾಜಾ ಹತ್ತಿರ ಸರಿದು ಕೂತಳು. ಆಮೇಲೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಯೊನ್‌ಸಿಲ್‌ಳ ಮುಂದೆ ತಲೆ ಬಗ್ಗಿಸಿದಳು. “ನೋಡು.”

ಅವಳ ತೆಳ್ಳಗಿನ ಕೂದಲ ನಡುವೆ ಸಣ್ಣ ಸಣ್ಣ ಬೂದು ಚುಕ್ಕಿಗಳಿದ್ದವು, ಸೀಸದ ಕಡ್ಡಿಯಲ್ಲಿ ಇಟ್ಟು ಬೆರಳಿಂದ ತೀಡಿದಂತೆ. ಇಪ್ಪತ್ತು ವರ್ಷದಿಂದ ಬಲ್ಲವಳ ತಲೆಯಲ್ಲಿ ಯೊನ್‌ಸಿಲ್ ಇದನ್ನು ಒಮ್ಮೆಯೂ ಕಂಡಿರಲಿಲ್ಲ.

“ನಾಲ್ಕು ವರ್ಷ ಆಯ್ತು,” ಎಂದಳು ಹ್ವಾಜಾ. “ಇದು ತೋಳಿನ ಮೇಲಿನ ಹಚ್ಚೆ ಅಲ್ಲ ಕಣೇ. ಸೂಜಿ ಆಳಕ್ಕೆ ಇಳಿಸಲ್ಲ. ಆಳಕ್ಕೆ ಹೋದ್ರೆ ಚುಕ್ಕಿ ಹರಡಿ ನೀಲಿ ಕಲೆ ಆಗಿ ಕೂರುತ್ತೆ. ಮೇಲ್ಮೇಲೆ ಇಡೋದ್ರಿಂದಲೇ ಕೂದಲಿನ ಬುಡದ ಹಾಗೆ ಕಾಣೋದು. ಆದ್ರೆ ಮೈ ಸುಮ್ನಿರುತ್ತಾ? ದಿನಾ ಚೂರುಚೂರೇ ಬಣ್ಣ ಹೊತ್ಕೊಂಡು ಹೋಗುತ್ತೆ.”

“ಹಾಗಾದ್ರೆ ಎಷ್ಟು ದಿನ?”

“ಮೊದಲ ತಿಂಗಳು ಎಲ್ಲರದ್ದೂ ತಿಳಿಯಾಗುತ್ತೆ. ಹಕ್ಕಳೆ ಬಿದ್ದು, ಚುಕ್ಕಿ ಸಣ್ಣದಾಗಿ, ಬಣ್ಣ ಇಳಿಯುತ್ತೆ. ಅದಕ್ಕೇ ಎರಡು ಮೂರು ಸಲ ಕರೆಯೋದು. ಒಂದೇ ಸಲಕ್ಕೆ ಮುಗಿಯುತ್ತೆ ಅಂದೋರು ಯಾರು? ಪೂರ್ತಿ ಆದ್ಮೇಲೆ ಮೂರರಿಂದ ಆರು ವರ್ಷ. ಎಣ್ಣೆ ಚರ್ಮದೋರಿಗೆ ಬೇಗ ಮಾಸುತ್ತೆ. ಬಿಸಿಲಲ್ಲಿ ಬರಿತಲೇಲಿ ಓಡಾಡೋರಿಗೆ ಇನ್ನೂ ಬೇಗ. ನಂದು ದಿನವಿಡೀ ಉಗಿಯೊಳಗಿನ ಬದುಕು, ಬೇಸಿಗೆಯೆಲ್ಲಾ ತೋಟದ ಬಿಸಿಲು. ಬರೋ ವರ್ಷ ಮತ್ತೆ ಒಂದು ಸಲ ತಿದ್ದಿಸ್ಕೋಬೇಕು.”

“ಅಳಿಸಿ ಹೋಗೋದಕ್ಕೆ ಯಾಕಕ್ಕಾ ಇಷ್ಟೊಂದು ಪಾಡು?”

“ನಿನ್ನ ಗಂಡ ದೋಣಿಗೆ ಒಂದೇ ಸಲ ಬಣ್ಣ ಹೊಡೆದಿದ್ನಾ?”

ಯೊನ್‌ಸಿಲ್ ಬಹಳ ದಿನದ ಮೇಲೆ ನಕ್ಕಳು.

“ಮಾಸೋದು ಒಳ್ಳೇದೇ ಕಣೇ. ಬರ್ತಾ ಬರ್ತಾ ಕೂದಲು ನರೆಯುತ್ತೆ. ಎಪ್ಪತ್ತರ ತಲೇಲಿ ಐವತ್ತರ ಕಪ್ಪು ಇಟ್ಕೊಂಡು ಏನ್ ಮಾಡ್ತೀಯಾ? ಮತ್ತೆ ಇಡಿಸುವಾಗ ತಿಳಿ ಬಣ್ಣ ಕೇಳಬಹುದು. ಇದೇನು ರಾತ್ರೋರಾತ್ರಿ ಮಾಯ ಆಗಲ್ಲ. ಎಷ್ಟು ನಿಧಾನ ಅಂದ್ರೆ, ಮಾಸಿದ್ದು ನಿಂಗೇ ಗೊತ್ತಾಗಲ್ಲ. ನಿನ್ನ ನೆತ್ತಿ ನಿಂಗೆ ಕಾಣುತ್ತಾ?”

“ಎರಡು ಕನ್ನಡಿ ಹಿಡ್ಕೊಂಡು ನೋಡಿದೆ. ಸರಿಯಾಗಿ ಕಾಣ್ಲಿಲ್ಲ.”

“ಕಾಣಲ್ಲ. ಯಾರ ನೆತ್ತಿಯೂ ಅವರಿಗೆ ಕಾಣಲ್ಲ,” ಎಂದು ಹ್ವಾಜಾ ಫೋನು ತೆಗೆದು ಅವಳ ನೆತ್ತಿಯ ಫೋಟೋ ಹಿಡಿದಳು. “ನಾಳೆ ಆಸ್ಪತ್ರೆಗೆ ನಡಿ. ಜೊತೆಗೆ ನಾನಿರ್ತೀನಿ.”

ಡಾಕ್ಟರು ನೆತ್ತಿ ನೋಡಿ, ಸದ್ಯ ಕೀವಾಗಿಲ್ಲ ಎಂದರು. ಚರ್ಮ ಪೂರ್ತಿ ಮಾಯಲು ಬಿಟ್ಟು, ಕೆಲವು ವಾರದ ಬಳಿಕ ಎರಡನೆಯ ಸಲ ಚುಕ್ಕಿ ಇಟ್ಟರು. ಈ ಸಲ ನರ್ಸಮ್ಮ ಕೊಟ್ಟ ಹಾಳೆಯನ್ನು ಹ್ವಾಜಾ ಬಸ್ಸಿನಲ್ಲೇ ಗಟ್ಟಿಯಾಗಿ ಓದಿದಳು. ಮೊದಲ ನಾಲ್ಕು ದಿನ ನೆತ್ತಿಗೆ ನೀರು ಬೇಡ. ಹಕ್ಕಳೆ ಕೀಳಬೇಡಿ. ಒಂದು ತಿಂಗಳು ಉಗಿ ಕೋಣೆ ಬೇಡ, ಬಿಸಿನೀರಿನ ತೊಟ್ಟಿ ಬೇಡ, ಬಿಸಿಲು ಬೇಡ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಯೊನ್‌ಸಿಲ್ ನಾಚಿ ಕಿಟಕಿಯ ಕಡೆ ಮುಖ ಮಾಡಿದರೂ ಬೇಡವೆನ್ನಲಿಲ್ಲ.

ಆದರೂ ಒಂದು ತಿಂಗಳು ದೊಡ್ಡದು. ರಜೆಯ ದಿನ ಎದುರು ಬೀದಿಯಲ್ಲಿ ಹೆಂಗಸರು ಟವಲ್ಲು ಹೊತ್ತು ನಗುತ್ತಾ ಹೋಗುವುದು ಕೇಳಿಸಿತು. ಯೊನ್‌ಸಿಲ್ ಕಿಟಕಿಯ ಪರದೆ ಎಳೆದಳು. ಸಂಜೆಗೆ ಮುಂಚೆ ಹ್ವಾಜಾ ಬಂದಳು, ಕಂಕುಳಲ್ಲಿ ಉಜ್ಜುವ ಬಟ್ಟೆಯ ಗಂಟು.

“ನೀರು ಕಾಯಿಸು.”

“ನೀರು ಬೇಡ ಅಂತ ನೀನೇ ಓದಿದ್ಯಲ್ಲ ಅಕ್ಕಾ!”

“ನೆತ್ತಿಗೆ ಬೇಡ. ಬೆನ್ನಿಗೇನಾಗಿದೆ?”

ಅಡುಗೆಮನೆಯ ನೆಲದ ಮೇಲೆ ಯೊನ್‌ಸಿಲ್ ಮಂಡಿ ಮಡಚಿ ಕೂತಳು. ಹ್ವಾಜಾಳ ಕೈ ಭುಜದಿಂದ ಇಳಿದು ನೇರವಾಗಿ ಆ ಅಂಗೈಯಗಲದ ಜಾಗಕ್ಕೇ ಬಂತು, ದಾರಿ ಮೊದಲೇ ಗೊತ್ತಿದ್ದಂತೆ. ಯೊನ್‌ಸಿಲ್‌ಳ ಕಣ್ಣು ತಾನಾಗಿ ತುಂಬಿತು. ಹ್ವಾಜಾ ಅದನ್ನು ತಿಳಿದೂ ತಿಳಿಯದವಳಂತೆ ಉಜ್ಜುತ್ತಿದ್ದಳು.

“ಅಕ್ಕಾ,” ಎಂದಳು ಯೊನ್‌ಸಿಲ್ ತುಸು ಹೊತ್ತಿನ ಮೇಲೆ. “ನಿನ್ನ ಬೆನ್ನು ಯಾರು ಉಜ್ತಾರೆ?”

ಕೈ ನಿಂತಿತು.

“ದಿನಕ್ಕೆ ಹದಿನೈದು ಬೆನ್ನು ಉಜ್ತೀನಿ,” ಎಂದಳು ಹ್ವಾಜಾ. “ಯಾರೂ ಕೇಳಿರ್ಲಿಲ್ಲ ನೋಡು.”

ಯೊನ್‌ಸಿಲ್ ಎದ್ದು, ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು, ತಾನು ಕೂತಿದ್ದ ಜಾಗವನ್ನು ತೋರಿಸಿದಳು. “ತಿರುಗಿ ಕೂತ್ಕೋ.”

ಅಕ್ಕತಂಗಿಯರೇ, ಅಣ್ಣಂದಿರೇ, ನೆತ್ತಿಗೆ ಚುಕ್ಕಿ ಇಡಿಸಬೇಕೆಂದು ನಿಮಗೂ ಅನ್ನಿಸಿದರೆ, ಇಡಿಸಿ. ಅದರಲ್ಲಿ ನಾಚಿಕೆಯಿಲ್ಲ. ಆದರೆ ಕೂದಲು ಏಕಾಏಕಿ ಉದುರುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಇಡುವವರಿಗೆ ಕಲಿಕೆ ಇದೆಯೇ, ಸೂಜಿ ಹೊಸದೇ ಎಂದು ಬಾಯಿಬಿಟ್ಟು ಕೇಳಿ. ಆಯುಷ್ಯಪೂರ್ತಿ ಮಾಸುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ತಿಂಗಳು ತಿಳಿಯಾದರೆ ಗಾಬರಿಯಾಗಬೇಡಿ, ಕರೆದ ದಿನಕ್ಕೆ ತಪ್ಪದೆ ಹೋಗಿ. ಮಾಯುವವರೆಗೆ ಉಗಿ, ಬೆವರು, ಉಜ್ಜುವುದು ಬೇಡ. ಆಮೇಲೂ ಬಿಸಿಲಿಗೆ ಟೋಪಿ ಇರಲಿ. ಕೆಲವು ವರ್ಷಕ್ಕೆ ಅದು ಮೆಲ್ಲಗೆ ಮಾಸುತ್ತದೆ. ಆಗ ಬೇಕಿದ್ದರೆ ಮತ್ತೆ ತಿದ್ದಿಸಿ, ಬೇಡವಾದರೆ ಮಾಸಲು ಬಿಡಿ.

ಇನ್ನೊಂದು ಮಾತು. ಮಾಸಿದೆಯೋ ಇಲ್ಲವೋ ನೋಡಿ ಹೇಳುವುದಕ್ಕೆ ನಿಮಗೊಬ್ಬರು ಬೇಕು. ಇವತ್ತೇ ಒಬ್ಬರ ಬಾಗಿಲು ತಟ್ಟಿ. ನಿಮ್ಮ ಬಾಗಿಲನ್ನು ಯಾರಾದರೂ ತಟ್ಟಿದರೆ, ತೆರೆಯಿರಿ.