ರ‍್ಯಾಲಿ ಕಾರಿನೊಳಗೆ ಕೆಂಪು ಬಾಳೆಗೊನೆ

ಗಾಡಿ ಗುದ್ದಿದ ಮೇಲೆ ನಮ್ಮವರಿಗೆ ಮೊದಲು ದೇವರು ನೆನಪಾಗುತ್ತಾನೆ, ಆಮೇಲೆ ವಿಮೆ. ಇಬ್ಬರ ಶರತ್ತುಗಳನ್ನೂ ಯಾರೂ ಓದಿರುವುದಿಲ್ಲ. ಹೆಸರಿನಲ್ಲೇ ‘ಪಾಲಿಸಿ’ ಎಂಬ ವಿನಂತಿ ಇದ್ದರೂ ಪಾಲಿಸುವವರು ಕಡಿಮೆ.

ಕಲಬುರಗಿಯ ಖಂಡೆಪ್ಪನವರಿಗೆ ತೊಗರಿಬೇಳೆ ಗಿರಣಿ ಇದೆ, ಅಂಬಿಕಾ ಎಂಬ ಮಗಳಿದ್ದಾಳೆ, ಮಗಳಿಗೆ ಕಾರು ರ‍್ಯಾಲಿ ಹುಚ್ಚಿದೆ. ಅದೇ ಊರಿನ ಗಾಜಿಪುರ ಬಡಾವಣೆಯ ಗ್ಯಾರೇಜಿನ ಮಜರ್ ಒಂದು ಹಳೆಯ ಕಾರಿನೊಳಗೆ ಉರುಳಿದರೆ ಒಳಗಿನವರನ್ನು ಕಾಯುವ ಕಬ್ಬಿಣದ ಪಂಜರ ಬಿಗಿದು, ಬಾಗಿಲಿಗೆ ದೊಡ್ಡ ನಂಬರು ಬರೆದು, ರ‍್ಯಾಲಿ ಕಾರು ಮಾಡಿಕೊಟ್ಟ. ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವವನೂ ಅವನೇ. ಖರ್ಚು ಖಂಡೆಪ್ಪನವರದು. ತಂಡ ಅಂದರೆ ಇಷ್ಟೇ.

ರ‍್ಯಾಲಿಗೆ ಇನ್ನು ಕೆಲವೇ ವಾರ ಉಳಿದಿತ್ತು. ಕಮಲಾಪುರದ ಹತ್ತಿರ ನೆಂಟರ ಕೆಂಪು ಬಾಳೆತೋಟದ ಮಣ್ಣುದಾರಿಯಲ್ಲಿ ಅಭ್ಯಾಸ ನಡೆದಿತ್ತು. ತಿರುವಿನಲ್ಲಿ ಕಾರು ತಿರುಗಲಿಲ್ಲ. ಬದುವಿಗೆ ಗುದ್ದಿ ಮುಂದಿನ ಚಕ್ರ ಮುರಿದು ಕೂತಿತು. ಯಾರಿಗೂ ಪೆಟ್ಟಾಗಲಿಲ್ಲ. ಖಂಡೆಪ್ಪನವರ ಬುದ್ಧಿ ಮಾತ್ರ ಅಲ್ಲಿಂದ ಬೇರೆ ಕಡೆ ತಿರುಗಿತು.

“ಎರಡು ಗೊನಿ ತಂದು ಹಿಂದ ತುಂಬ್ರಿ. ಬಾಳಿಹಣ್ಣು ಒಯ್ಯಾಕ ಬಂದಿದ್ವಿ, ದಾರ‍್ಯಾಗ ಗುದ್ದಿತು ಅಂತ ಕ್ಲೇಮ್ ಹಾಕ್ತೀನಿ.”

“ಅಪ್ಪಾ, ನನ್ನ ತಲಿ ಮ್ಯಾಲ ಹೆಲ್ಮೆಟ್ ಅದ.”

“ತಗದಿಡು.”

“ಏನರ ಮಾಡ್ರಿ, ಗಾಡಿ ರೆಡಿ ಆಗಬೇಕು. ಈ ರ‍್ಯಾಲಿ ತಪ್ಪಿದ್ರ ಮತ್ತ ಒಂದ್ ವರ್ಷ ಕಾಯಬೇಕು ನಾ.”

ಪಾಲಿಸಿ ಮಾಡಿಸಿಕೊಟ್ಟಿದ್ದ ಲತೀಫಾಗೆ ಫೋನ್ ಹೋಯಿತು. ಕಲಬುರಗಿಯಿಂದ ಸ್ಕೂಟರಿನಲ್ಲಿ ಬಂದವಳು ಕಾರಿನೊಳಗೆ ಬಗ್ಗಿ ನೋಡಿದಳು.

“ಸಾವಕಾರ್ರೆ, ಈ ಬಾಳಿಹಣ್ಣು ಏನ್ ಗುನ್ಹೆ ಮಾಡ್ಯಾವ? ಜೇಲಿನ್ಯಾಗ ಇಟ್ಟೀರಿ.”

ಮಜರ್ ಮುಖ ತಿರುಗಿಸಿ ನಕ್ಕ. ಲತೀಫಾ ಪಂಜರದ ಕಡೆ ಬೆರಳು ತೋರಿಸಿದಳು.

“ಕಂಪನಿಯವ್ರು ಬಂದು ಈ ಪಂಜರ, ಈ ನಂಬರ್ ನೋಡಲ್ಲೇನ್ರಿ? ನಿಮ್ದು ಮಾಮೂಲಿ ಗಾಡಿ ಪಾಲಿಸಿ. ರೇಸು, ರ‍್ಯಾಲಿ, ಅದರ ಪ್ರ್ಯಾಕ್ಟೀಸು, ಯಾವುದಕ್ಕೂ ನಡಿಯಂಗಿಲ್ಲ. ಸುಳ್ಳು ಕ್ಲೇಮ್ ಹಾಕಿದ್ರ ರೊಕ್ಕ ಬರಲ್ಲ, ಕೇಸ್ ಬರ್ತದ.”

“ಹಂಗಾದ್ರ ರ‍್ಯಾಲಿ ಗಾಡಿಗಿ ವಿಮಾ ಮಾಡ್ಸೋದೇ ಬ್ಯಾಡ ಬಿಡು ತಂಗಿ. ಗುದ್ದೋದೇ ಅದರ ದಂಧಾ. ಮಾಡ್ಸಿದ್ರ ಕಂಪನಿ ದಿವಾಳಿ, ಮಾಡ್ಸಲಿಲ್ಲಂದ್ರ ನಾ ದಿವಾಳಿ.”

ಲತೀಫಾ ಗೊನೆಯಿಂದ ಒಂದು ಹಣ್ಣು ಕಿತ್ತು ಸುಲಿದಳು.

“ನಿಮ್ಮ ಗಿರಣ್ಯಾಗ ಬ್ಯಾಳಿ ಒಡದು ನುಚ್ಚಾಗಲ್ಲೇನ್ರಿ?”

“ದಿನಾ ಆಗ್ತದ.”

“ಅದಕ್ಕ ವಿಮಾ ಮಾಡ್ಸೀರೇನು?”

“ನಂಗೇನ್ ಹುಚ್ಚ ಹಿಡದದೇನು? ನುಚ್ಚಿನ ನುಕ್ಸಾನ ರೇಟಿನ್ಯಾಗೇ ಹಿಡದಿರ್ತೀನಿ.”

“ಮತ್ತ ಯಾವುದಕ್ಕ ಮಾಡ್ಸೀರಿ?”

“ಬೆಂಕಿಗಿ. ಗಿರಣಿಗಿ ಬೆಂಕಿ ಬಿದ್ರ ನಾ ಮತ್ತ ಏಳಂಗಿಲ್ಲ.”

ಹೇಳಿ ಮುಗಿಸಿದ ಖಂಡೆಪ್ಪನವರು ತಮ್ಮ ಮಾತು ತಮಗೇ ಕೇಳಿಸಿದಂತೆ ಕಾರಿನ ಕಡೆ ತಿರುಗಿ ನೋಡಿದರು.

ಲತೀಫಾ ಮುರಿದ ಚಕ್ರ ಮುಟ್ಟಿದಳು. “ಇವತ್ತು ಆಗಿದ್ದು ನುಚ್ಚು. ಚಕ್ರ, ಬಂಪರ್, ಕನ್ನಡಿ ಇವನ್ನ ವರ್ಷದ ಖರ್ಚಿನ್ಯಾಗೇ ಹಿಡೀರಿ. ಇದಕ್ಕೂ ವಿಮಾ ಕೇಳಿ ನೋಡ್ರಿ, ಆದ್ರ ಪ್ರೀಮಿಯಂ ಭಾಳ, ಮ್ಯಾಲ ಪ್ರತಿ ಸಲ ನುಕ್ಸಾನದ ಮೊದಲಿನ ಪಾಲು ನೀವೇ ಹೊರಬೇಕು. ಎರಡೂ ಕೂಡಿ ರಿಪೇರಿ ಖರ್ಚಿನ ಹತ್ರ ಬಂದ್ರ ಬಿಟ್ಟುಬಿಡ್ರಿ. ಭಾರಿ ಕಿಮ್ಮತ್ತಿನ ಗಾಡಿ ಇರೋ ದೊಡ್ಡ ಟೀಮಿನ ಲೆಕ್ಕ ಬ್ಯಾರೆ.”

“ಪಾಲಿಸಿ ಮಾರಾಕಿ ನೀ, ಬಿಡ್ರಿ ಅಂತೀ?”

“ನುಚ್ಚಿನ ಪಾಲಿಸಿ ಮಾರಿದ್ರ ನಾಳಿ ನನ್ನ ಮನಿ ಮುಂದ ಬಂದು ನೀವೇ ಒದರ್ತೀರಿ.”

“ಹಂಗಾದ್ರ ಬೆಂಕಿ ಯಾವುದು ಆಪಾ?” ಮಜರ್ ಲತೀಫಾಳನ್ನು ಕೇಳಿದ.

“ನಿಮ್ಮಿಬ್ಬರ ಜೀವ. ಏನರ ಆದ್ರ ದವಾಖಾನಿ ಖರ್ಚು ಯಾರು ನೋಡ್ತಾರ? ಆಕ್ಸಿಡೆಂಟ್ ವಿಮಾ ಇರ್ಲಿ, ಅದು ರ‍್ಯಾಲಿಗೂ ನಡೀತದ ಅಂತ ಬರದಿರ್ಲಿ. ನೋಡಾಕ ನಿಂತ ಮಂದಿಗಿ ಪೆಟ್ಟಾದ್ರ ಯಾರು ಕೊಡ್ತಾರ ಅಂತ ರ‍್ಯಾಲಿ ನಡಸೋರ ಹತ್ರ ಲಿಖಿತ ತಗೋರಿ. ಊರ ರೋಡಿಗಿ ಥರ್ಡ್ ಪಾರ್ಟಿ ವಿಮಾ ಬೇಕೇ ಬೇಕು, ಕಾಯ್ದೆ ಅದು. ಲಾರ‍್ಯಾಗ ಒಯ್ಯೋವಾಗ ಬಿದ್ರ, ಗ್ಯಾರೇಜಿಗಿ ಬೆಂಕಿ ಹತ್ತಿದ್ರ, ಕಳುವಾದ್ರ ಪೂರಾ ಗಾಡಿ ಹೋಗ್ತದ. ಅದಕ್ಕ ಮಾಡಸ್ರಿ. ಪಂಜರ ಹಾಕೀವಿ ಅಂತ ಮೊದಲೇ ಖರೇ ಹೇಳ್ರಿ.”

ಖಂಡೆಪ್ಪನವರು ಗೊನೆಗಳನ್ನು ನೋಡಿದರು. “ಇವನ್ನೇನ್ ಮಾಡ್ಲಿ?”

“ತಿನ್ರಿ. ಸಾಕ್ಷಿ ಹೊಟ್ಟ್ಯಾಗ ಹೋಗ್ಲಿ.”

ಕ್ಲೇಮು ಹೋಗಲಿಲ್ಲ. ಮಗಳು ಗೆಲ್ಲುತ್ತಾಳೆಂದು ಮೊದಲೇ ಖಂಡೆಪ್ಪನವರು ಮೆರವಣಿಗೆ, ಪಟಾಕಿ ಮತ್ತು ತಮ್ಮ ಫೋಟೋ ಇರುವ ಬ್ಯಾನರಿಗೆ ಹಣ ತೆಗೆದಿಟ್ಟಿದ್ದರು. ಅದೇ ಹಣದಲ್ಲಿ ಚಕ್ರ ರಿಪೇರಿಯಾಯಿತು. ಬ್ಯಾನರ್ ಇಲ್ಲದೆ ಊರಿಗೆ ಅಂಥ ನಷ್ಟವೇನೂ ಆಗಲಿಲ್ಲ. ಲತೀಫಾ ಹೇಳಿದ ವಿಮೆಗಳೆಲ್ಲ ರ‍್ಯಾಲಿಗೆ ಮೊದಲೇ ಆದವು.

ರ‍್ಯಾಲಿಯಲ್ಲಿ ಅಂಬಿಕಾ ಗೆಲ್ಲಲಿಲ್ಲ, ಆದರೆ ಕೊನೆಯ ಗೆರೆ ಮುಟ್ಟಿದಳು. ಕಾರಿಗೆ ಒಂದು ಕನ್ನಡಿ ಇರಲಿಲ್ಲ, ಬಂಪರು ಜೋತಾಡುತ್ತಿತ್ತು.

“ಇಬ್ರೂ ಆರಾಮ ಅದೀರೇನು?” ಓಡಿಬಂದ ಖಂಡೆಪ್ಪನವರು ಕೇಳಿದರು.

“ಅದೀವಿ ಅಪ್ಪಾ. ಗಾಡಿ ನೋಡ್ರಿ…”

ಅವರು ಬಂಪರನ್ನು ಒಮ್ಮೆ ನೋಡಿದರು. “ನುಚ್ಚು,” ಎಂದು ಹೇಳಿ ಮಗಳ ಕೈಗೊಂದು ಕೆಂಪು ಬಾಳೆಹಣ್ಣು ಕೊಟ್ಟರು.

ನಿಮ್ಮದು ರ‍್ಯಾಲಿ ಕಾರಿರಲಿ, ನಿಜವಾಗಿಯೂ ಬಾಳೆಹಣ್ಣು ತರುವ ಕಾರೇ ಇರಲಿ, ಇವತ್ತೇ ಪಾಲಿಸಿ ತೆಗೆದು ‘ಇದಕ್ಕೆ ಅನ್ವಯಿಸುವುದಿಲ್ಲ’ ಎಂದಿರುವ ಪುಟ ಓದಿ. ತಡೆದುಕೊಳ್ಳಬಲ್ಲ ನಷ್ಟಕ್ಕೆ ಹಣ ಎತ್ತಿಡಿ, ತಡೆದುಕೊಳ್ಳಲಾಗದ್ದಕ್ಕೆ ವಿಮೆ ಮಾಡಿಸಿ. ಗಾಡಿಗಿಂತ ಮೊದಲು ಅದರೊಳಗೆ ಕೂರುವವರಿಗೆ ಮಾಡಿಸಿ. ಕ್ಲೇಮಿನಲ್ಲಿ ನಿಜ ಬರೆಯಿರಿ. ಬಾಳೆಹಣ್ಣನ್ನು ಸಾಕ್ಷಿಗೆ ಕರೆಯಬೇಡಿ, ಊಟಕ್ಕೆ ಕರೆಯಿರಿ.