ಒಂದು ಸೈಜು ದೊಡ್ಡದು

ಕುಂಗ್‌ಫೂ ಶಾಲೆಗೆ ಹೊಸ ಸಾಮಾನು ಆರಿಸಿ ತರುವ ಕೆಲಸ ಕನ್ನಡಕದವನ ಕೊರಳಿಗೆ ಬಿದ್ದದ್ದು ಅವನ ಕಸುಬಿನ ದೆಸೆಯಿಂದ. ಒಂಬತ್ತು ವರ್ಷದಿಂದ ಅವನು ಕನ್ನಡಕದ ಅಂಗಡಿಯಲ್ಲಿ ಜನರ ಮುಖ ಅಳೆಯುತ್ತಿದ್ದ. ಯಾರಾದರೂ ಬಾಗಿಲು ತಳ್ಳಿಕೊಂಡು ಒಳಗೆ ಬಂದರೆ ಸಾಕು, ಅವರ ಮೂಗಿನ ಬುಡ ಎಷ್ಟಗಲ, ಎಡಗಿವಿ ಬಲಗಿವಿಗಿಂತ ಎಷ್ಟು ಕೆಳಗೆ ಎಂದು ಅವನ ಕಣ್ಣು ತಾನಾಗಿಯೇ ಲೆಕ್ಕ ಹಾಕಿಬಿಡುತ್ತಿತ್ತು. ಎರಡೂ ಕಿವಿ ಒಂದೇ ಮಟ್ಟದಲ್ಲಿರುವ ಮನುಷ್ಯನನ್ನು ತಾನಿನ್ನೂ ಕಂಡಿಲ್ಲ ಎಂದು ಹೇಳಿಕೊಳ್ಳುವುದು ಅವನಿಗೊಂದು ಚಟ.

"ಮುಖ ಅಳೆಯೋನಿಗೆ ತಲೆ ಅಳೆಯೋದೇನು ಕಷ್ಟ? ನೀನೇ ಹೋಗು," ಅಂದರು ಮಾಸ್ಟರು.

ಹಳೆಯ ಪೆಟ್ಟಿಗೆಯ ಸ್ಥಿತಿ ಹೇಳಬಾರದು. ಹೆಡ್‌ಗಾರ್ಡುಗಳ ಸ್ಪಂಜು ಹಪ್ಪಳವಾಗಿತ್ತು, ಕಾಲಿನ ಗಾರ್ಡುಗಳ ಪಟ್ಟಿ ಅಂಟುತ್ತಿರಲಿಲ್ಲ. "ಹೊಸದು ಯಾಕೆ ಮಾಸ್ಟರ್? ಈ ಪೆಟ್ಟಿಗೆ ತೆರೆದರೆ ಸಾಕು, ವಾಸನೆಗೇ ಎದುರಾಳಿ ಮಲಗ್ತಾನೆ," ಎಂದು ಭಾವ ಹೇಳಿದಾಗ ಇಡೀ ಶಾಲೆ ನಕ್ಕಿತು.

ಭಾವ ಅಂದರೆ ಕನ್ನಡಕದವನ ಅಕ್ಕನ ಗಂಡ. ಲಿಫ್ಟ್ ರಿಪೇರಿ ಮಾಡುವವನು, ನಲವತ್ತು ದಾಟಿದವನು. ತೂಕ ಇಳಿಸಿ ಎಂದು ಡಾಕ್ಟರು ಗದರಿಸಿದ್ದಕ್ಕೆ ಎರಡು ವರ್ಷದ ಹಿಂದೆ ಕನ್ನಡಕದವನೇ ಅವನನ್ನು ಕರೆತಂದು ಶಾಲೆಗೆ ಸೇರಿಸಿದ್ದ. ಇವನು ಭಾವ ಅಂದದ್ದನ್ನು ಕೇಳಿ ಉಳಿದವರೂ ಭಾವ ಅಂದರು. ಕೊನೆಗೆ ಮಾಸ್ಟರೂ ಅವನನ್ನು ಭಾವ ಎಂದೇ ಕರೆಯತೊಡಗಿದರು. ಮೊದಲ ತಿಂಗಳು ಮೆಟ್ಟಿಲು ಹತ್ತಿ ಬಂದರೇ ಏದುಸಿರು ಬಿಡುತ್ತಿದ್ದವನು ಈಗ ಕಾಲನ್ನು ಎದುರಿನವರ ಭುಜದವರೆಗೆ ಎತ್ತುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಹೊಸಬರು ಏನಾದರೂ ಕೇಳಬೇಕಾದರೆ ಭಾವನ ಹತ್ತಿರವೇ ಹೋಗುತ್ತಿದ್ದರು. ಏಳು ವರ್ಷದಿಂದ ಅಲ್ಲೇ ಇದ್ದ ಕನ್ನಡಕದವನ ಹತ್ತಿರ ಯಾರೂ ಬರುತ್ತಿರಲಿಲ್ಲ. ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲಾಗದ ಹೊಟ್ಟೆಕಿಚ್ಚು ಒಳಗೇ ಹೊಗೆಯಾಡುತ್ತದೆ.

ಮಾಸ್ಟರ ಮೊಣಕಾಲು ಕೆಟ್ಟಿತ್ತು. ಬೆಳಗಿನ ಬ್ಯಾಚಿಗೆ ಒಬ್ಬ ಸಹಾಯಕ ಮಾಸ್ಟರ್ ಬೇಕು, ಹೊಸ ಸಾಮಾನು ಬಂದ ಮೇಲಿನ ಭಾನುವಾರದ ಕಾದಾಟ ನೋಡಿ ಯಾರೆಂದು ಹೇಳುತ್ತೇನೆ ಎಂದಿದ್ದರು. ಪೈಪೋಟಿ ಯಾರ ಯಾರ ನಡುವೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆದರೂ ಸಾಮಾನು ಆರಿಸುವಾಗ ಅವನು ಮೋಸ ಮಾಡಲಿಲ್ಲ. ಅದನ್ನು ಒಪ್ಪಬೇಕು. ಹದಿನೆಂಟು ಜನರನ್ನು ಸಾಲಾಗಿ ಕೂರಿಸಿ, ಹುಬ್ಬಿನ ಮೇಲಿಂದ ಟೇಪು ಸುತ್ತಿ, ತಲೆಯ ಅಳತೆ ಬರೆದುಕೊಂಡ. ಭಾವನದು ಐವತ್ತೇಳು ಸೆಂಟಿಮೀಟರ್, ಮೀಡಿಯಂ. ಅಂಗಡಿಗೆ ಹೋಗಿ ಒಂದೊಂದೇ ಹೆಡ್‌ಗಾರ್ಡಿನ ಸ್ಪಂಜನ್ನು ಹೆಬ್ಬೆರಳಿನಿಂದ ಒತ್ತಿ, ಒತ್ತಿದ ಗುಳಿ ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂದು ನೋಡಿದ. ಕಿವಿಯ ಹತ್ತಿರ ತೆಳುವಾದದ್ದನ್ನು ಬದಿಗಿಟ್ಟ. ಎದೆಯ ಗಾರ್ಡಿನ ಹೊಲಿಗೆ ಎಳೆದು ನೋಡಿದ. ಕಾಲಿನ ಗಾರ್ಡು ಪಾದದ ಮೇಲ್ಭಾಗವನ್ನೂ ಮುಚ್ಚುತ್ತದೆಯೇ ಎಂದು ತಾನೇ ಹಾಕಿಕೊಂಡು, ಅಂಗಡಿಯ ನಡುವೆ ನಿಂತು ಗಾಳಿಗೆ ಒದ್ದ.

"ಹಣ್ಣು ಆರಿಸಿದ ಹಾಗೆ ಆರಿಸ್ತೀರಲ್ಲ ಸಾರ್," ಅಂದ ಅಂಗಡಿಯವನು.

"ಹಣ್ಣು ಕೆಟ್ಟರೆ ಹೊಟ್ಟೆ ಮಾತ್ರ ಕೆಡುತ್ತೆ."

ಆ ಉತ್ತರ ತನಗೇ ಮೆಚ್ಚುಗೆಯಾಗಿ, ಸಂಜೆ ಅಕ್ಕನ ಮನೆಯಲ್ಲಿ ಹೇಳಿಕೊಂಡು ನಗಿಸಿದ್ದ.

ಆ ಶಾಲೆಯಲ್ಲಿ ಒಂದು ರೂಢಿಯಿತ್ತು. ಕಾದಾಟಕ್ಕೆ ಮುಂಚೆ ಯಾರೂ ತಮ್ಮ ಸಾಮಾನನ್ನು ತಾವೇ ಆರಿಸಿ ಹಾಕಿಕೊಳ್ಳುವಂತಿಲ್ಲ. ನೀನು ಹೊಡೆಯಬೇಕಾದವನಿಗೆ ನೀನೇ ಪೆಟ್ಟಿಗೆಯಿಂದ ಆರಿಸಿ, ನಿನ್ನ ಕೈಯಾರೆ ಕಟ್ಟಬೇಕು. ಅವನು ನಿನಗೆ ಕಟ್ಟುತ್ತಾನೆ. "ಯಾರಿಗೆ ಹೊಡೀತೀಯೋ ಅವನ ತಲೆ ನಿನ್ನ ಜವಾಬ್ದಾರಿ," ಎನ್ನುವುದು ಮಾಸ್ಟರ ಮಾತು. ವರ್ಷಗಟ್ಟಲೆ ಕೇಳಿ ಕೇಳಿ ಯಾರೂ ಆ ಮಾತಿಗೆ ಕಿವಿ ಕೊಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಭಾವ ಮೊದಲು ಕಟ್ಟಿದ. ಕನ್ನಡಕದವನ ಎದೆಯ ಗಾರ್ಡಿನ ಪಟ್ಟಿ ಎಳೆದು, ಎರಡು ಬೆರಳು ತೂರಿಸಿ ನೋಡಿ, ಮತ್ತೆ ಬಿಚ್ಚಿ ಕಟ್ಟಿದ. ಹೆಡ್‌ಗಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಬೀಗ ಅಲ್ಲಾಡಿಸುವವನ ಹಾಗೆ ಅಲ್ಲಾಡಿಸಿದ.

"ಸಾಕು ಭಾವ, ತಲೆಯೇ ಕಿತ್ತು ಬಂದೀತು."

"ಬಂದರೆ ನಿಮ್ಮಕ್ಕನಿಗೆ ಏನು ಹೇಳಲಿ? ಸುಮ್ಮನೆ ನಿಂತ್ಕೋ."

ಈಗ ಕನ್ನಡಕದವನ ಸರದಿ. ಪೆಟ್ಟಿಗೆಯಲ್ಲಿ ಹೆಡ್‌ಗಾರ್ಡುಗಳೆಲ್ಲ ಒಂದೇ ಕಪ್ಪು ಬಣ್ಣದವು. ಒಳಗಿನ ಪುಟ್ಟ ಚೀಟಿ ನೋಡಿದರಷ್ಟೇ ಸೈಜು ತಿಳಿಯುವುದು. ಅವನು ಕೈ ಹಾಕಿದ. ಮೊದಲು ಬಂದದ್ದು ಮೀಡಿಯಂ. ಅದನ್ನು ಮತ್ತೆ ಪೆಟ್ಟಿಗೆಗೆ ಹಾಕಿ, ಅದರ ಪಕ್ಕದ ಲಾರ್ಜ್ ತೆಗೆದ. ಹೀಗೆ ಮಾಡುತ್ತೇನೆಂದು ಮನೆಯಿಂದ ಯೋಚಿಸಿಕೊಂಡು ಬಂದಿರಲಿಲ್ಲ. ಕೈ ಮಾಡಿತು, ಅವನು ತಡೆಯಲಿಲ್ಲ, ಅಷ್ಟೆ. ಭಾವನ ತಲೆಗೆ ಹಾಕಿ, ಹಿಂದಿನ ಪಟ್ಟಿಯನ್ನು ಎಳೆಯುವಂತೆ ಮಾಡಿ ಎಳೆಯದೆ ಅಂಟಿಸಿದ. ನೋಡುವವರಿಗೆ ಎಲ್ಲ ಸರಿಯಾಗಿಯೇ ಇತ್ತು. ಒಂಬತ್ತು ವರ್ಷ ಮುಖಕ್ಕೆ ಫ್ರೇಮ್ ಕೂರಿಸಿದವನಿಗೆ, ಕೂತಂತೆ ಕಂಡು ಕೂರದಿರುವುದು ಹೇಗೆ ಎಂಬುದೂ ಗೊತ್ತಿರುತ್ತದೆ.

"ಸರಿ ಇದೆಯಾ ಭಾವ?"

"ನೀನು ಕಟ್ಟಿದ ಮೇಲೆ ಮುಗೀತು ಬಿಡು," ಎಂದು ಭಾವ ಮೌತ್‌ಗಾರ್ಡ್ ಕಚ್ಚಿಕೊಂಡ.

ಮೊದಲ ಸುತ್ತಿನಲ್ಲಿ ಭಾವನೇ ಮೇಲು. ಎರಡನೆಯದರಲ್ಲಿ ಒಂದು ಒದೆ ತಪ್ಪಿಸಿಕೊಳ್ಳಲು ಭಾವ ಸರಕ್ಕನೆ ತಲೆ ಹಿಂದೆಳೆದಾಗ ಹೆಡ್‌ಗಾರ್ಡ್ ತಿರುಗಿ ಬಲಗಣ್ಣನ್ನು ಮುಚ್ಚಿತು. ಅವನು ಕೈ ಮೇಲೆತ್ತಿದ. ಕೈ ಎತ್ತಿದರೆ ನಿಲ್ಲಿಸಬೇಕು. ಮೊದಲ ದಿನ ಕಲಿಸುವ ಪಾಠವೇ ಅದು. ಅಷ್ಟರಲ್ಲಿ ತನ್ನ ಮುಷ್ಟಿ ಹೊರಟಾಗಿತ್ತು ಎಂದು ಕನ್ನಡಕದವನು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಹೊರಟಿರಲಿಲ್ಲ.

ಏಟು ಬಿದ್ದು ಹೆಡ್‌ಗಾರ್ಡಿನ ಗಟ್ಟಿ ಅಂಚು ಹುಬ್ಬನ್ನು ಸೀಳಿತು. ಭಾವ ಚಾಪೆಯ ಮೇಲೆ ಕುಳಿತುಬಿಟ್ಟ. ರಕ್ತ ಮೂಗಿನ ಬದಿಯಿಂದ ಇಳಿದು ಬಿಳಿ ಬನಿಯನ್ನಿಗೆ ತೊಟ್ಟಿಕ್ಕಿತು. ಯಾರೋ ಟವೆಲು ತಂದರು. ಮಾಸ್ಟರು ಕುಂಟುತ್ತ ಬಂದು ಹೆಡ್‌ಗಾರ್ಡ್ ಬಿಚ್ಚಿ, ಒಳಗಿನ ಚೀಟಿ ನೋಡಿದರು.

"ಇದು ಲಾರ್ಜು."

"ಅಳತೆಯಲ್ಲಿ ತಪ್ಪಾಗಿರಬೇಕು ಮಾಸ್ಟರ್."

"ನಿನಗಾ?"

ಆಗ ಟವೆಲಿನ ಹಿಂದಿನಿಂದ ಭಾವನ ದನಿ ಬಂತು: "ನಿನ್ನೆ ಕಟಿಂಗ್ ಮಾಡಿಸ್ಕೊಂಡೆ ಮಾಸ್ಟರ್. ತಲೆ ಚಿಕ್ಕದಾಗಿಬಿಟ್ಟಿದೆ."

ಎಲ್ಲರೂ ನಕ್ಕರು, ಮಾಸ್ಟರೊಬ್ಬರನ್ನು ಬಿಟ್ಟು. ಭಾವನ ತಲೆಯಲ್ಲಿ ಕತ್ತರಿಸಲು ಕೂದಲೇನೂ ಇರಲಿಲ್ಲ.

ಮೂರು ಹೊಲಿಗೆ ಬಿದ್ದವು. ಅಕ್ಕ ಆಸ್ಪತ್ರೆಗೆ ಓಡಿ ಬಂದಳು. ಗಂಡನ ಹುಬ್ಬು ನೋಡಿ, ತಮ್ಮನ ಮುಖ ನೋಡಿ, ಅವನೇ ಹೆಚ್ಚು ಬಿಳುಚಿಕೊಂಡಿದ್ದಾನೆ ಎನಿಸಿ ಅವನಿಗೆ ನೀರಿನ ಬಾಟಲಿ ಕೊಟ್ಟಳು. "ಆಟದಲ್ಲಿ ಏಟು ಬೀಳದೆ ಇರುತ್ತೇನೋ ಹುಚ್ಚಪ್ಪ, ಕುಡಿ." ಅವನು ಕುಡಿದ.

ಹೊಲಿಗೆ ಬಿದ್ದವನನ್ನು ಸಹಾಯಕ ಮಾಡುವುದು ಹೇಗೆ? ಮಂಗಳವಾರದಿಂದ ಬೆಳಗಿನ ಬ್ಯಾಚು ಕನ್ನಡಕದವನದಾಯಿತು. ಮಾಸ್ಟರು ಬೀಗದ ಕೈ ಕೊಡುವಾಗ ಕೈಗೆ ಕೊಡದೆ ಬೆಂಚಿನ ಮೇಲಿಟ್ಟರು. ಅದರಲ್ಲಿ ಏನಾದರೂ ಅರ್ಥವಿತ್ತೋ, ಅಥವಾ ಅವರ ಮೊಣಕಾಲು ನೋಯುತ್ತಿತ್ತೋ, ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಏನೂ ಅನ್ನದೆಯೇ ದಿನವಿಡೀ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಹುಡುಗರ ಸಾಲಿನ ಮುಂದೆ ನಿಂತು "ಯಾರಿಗೆ ಹೊಡೀತೀರೋ ಅವನ ತಲೆ..." ಎಂದು ಶುರು ಮಾಡಿ, ಮಾತು ಮುಗಿಸಲಾರದೆ, ಎಲ್ಲರನ್ನೂ ಓಡಲು ಹಚ್ಚಿದ.

ಒಂಬತ್ತನೆಯ ದಿನ ಮಧ್ಯಾಹ್ನ ಭಾವ ಕನ್ನಡಕದ ಅಂಗಡಿಗೆ ಬಂದ. ಹೊಲಿಗೆ ಬಿಚ್ಚಿದ್ದರು, ಹುಬ್ಬು ಇನ್ನೂ ಊದಿತ್ತು. ಅದರ ಮೇಲೆ ಕನ್ನಡಕ ಸೊಟ್ಟಗೆ ಕೂತಿತ್ತು.

"ಇದನ್ನ ಸ್ವಲ್ಪ ಬಗ್ಗಿಸಿ ಕೊಡು ಮಾರಾಯ. ನಿಮ್ಮಕ್ಕ ನನ್ನ ನೋಡಿದಾಗೆಲ್ಲ ತಲೆ ವಾಲಿಸ್ತಾಳೆ." ಆಮೇಲೆ ಗಲ್ಲೆಯ ಹಿಂದಿದ್ದ ಅಂಗಡಿಯ ಯಜಮಾನರ ಕಡೆ ತಿರುಗಿದ. "ನಿಮ್ಮ ಹುಡುಗನ ಕೈ ಏನು ಅಂದ್ಕೊಂಡಿದ್ದೀರಿ ಸಾರ್? ಒಂದೇ ಏಟು! ನಮ್ಮ ಕೆಲಸದೋರಿಗೆಲ್ಲ ಹೇಳಿದ್ದೀನಿ, ನನ್ನ ಭಾಮೈದನ ತಂಟೆಗೆ ಹೋಗಬೇಡಿ ಅಂತ."

"ಇಲ್ಲಿ ಒಂದು ಸ್ಕ್ರೂ ಬಿದ್ದರೆ ಹುಡುಕೋಕಾಗಲ್ಲ ಈ ಶೂರನಿಗೆ," ಎಂದ ಯಜಮಾನರು ಫೋನು ರಿಂಗಾದದ್ದಕ್ಕೆ ಒಳಗೆ ಹೋದರು.

ಕನ್ನಡಕದವನು ಫ್ರೇಮಿನ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಾಗಿಸಿದ. ಭಾವನ ಮುಖಕ್ಕೆ ಹಾಕಿ ನೋಡಬೇಕಿತ್ತು. ಗೇಣು ದೂರದಿಂದ ಆ ಹುಬ್ಬನ್ನು ನೋಡಬೇಕಿತ್ತು. ಗಾಯದ ಗುಲಾಬಿ ಗೆರೆ ಹುಬ್ಬಿನ ಕೂದಲನ್ನು ಎರಡು ಪಾಲು ಮಾಡಿತ್ತು.

ಭಾವ ಮಾತಾಡುತ್ತಲೇ ಇದ್ದ. "ಮೊನ್ನೆ ಕೆಲಸಕ್ಕೆ ಹೋದೆ ನೋಡು, ಕಣ್ಣು ಇನ್ನೂ ಅರ್ಧ ಮುಚ್ಚಿತ್ತು. ಲಿಫ್ಟಿನ ಗುಂಡಿಯೊಳಗೆ ನಿಂತಿದ್ದೀನಿ, ಲಿಫ್ಟಿಗೆ ಎದುರು ತೂಗೋ ಕಬ್ಬಿಣದ ದಿಮ್ಮಿ ಇಳಿದು ಬರ್ತಿದೆ. ಒಂದು ಕಣ್ಣಲ್ಲಿ ದೂರ ತಿಳಿಯಲ್ಲ ಅಲ್ವಾ? ಇನ್ನೂ ಮೇಲಿದೆ ಅಂದ್ಕೊಂಡು ಬಗ್ಗಿದೆ. ಜೊತೆಗಿದ್ದೋನು ಕಾಲರ್ ಹಿಡಿದು ಎಳೆದ. ಅಂಗಿ ಹರೀತು. ನಿಮ್ಮಕ್ಕನಿಗೆ ಮೊಳೆಗೆ ಸಿಕ್ಕಿತು ಅಂದಿದ್ದೀನಿ, ನೀನು ಬಾಯಿ ಬಿಡಬೇಡ."

ಕನ್ನಡಕದವನ ಕೈ ನಿಂತಿತು.

"ಭಾವ, ಅದು ಅಳತೆಯ ತಪ್ಪಲ್ಲ."

"ಯಾವುದು?"

"ಹೆಡ್‌ಗಾರ್ಡು. ನಿಮ್ಮದು ಮೀಡಿಯಂ ಅಂತ ನನಗೆ ಗೊತ್ತಿತ್ತು. ಕೈಗೂ ಸಿಕ್ಕಿತ್ತು. ಮತ್ತೆ ಪೆಟ್ಟಿಗೆಗೆ ಹಾಕಿ ಲಾರ್ಜ್ ತೆಗೆದೆ."

ಭಾವ ನಕ್ಕ. ಮುಂದೆ ಇನ್ನೇನೋ ತಮಾಷೆ ಇದೆ ಎಂದು ಕಾಯುವವರ ನಗು. ಮುಂದೇನೂ ಬರದಿದ್ದಾಗ ಅದು ಒಂದೊಂದೇ ತುಂಡಾಗಿ ಮುಖದಿಂದ ಇಳಿಯಿತು.

"ಪಟ್ಟಿ?"

"ಬಿಗಿ ಮಾಡಲಿಲ್ಲ."

"ನಾನು ಕೈ ಎತ್ತಿದ್ದು?"

"ಕಾಣಿಸ್ತು."

ಒಳಗಿನಿಂದ ಯಜಮಾನರು ಯಾರಿಗೋ ಲೆನ್ಸಿನ ನಂಬರು ಓದಿ ಹೇಳುವುದು ಕೇಳುತ್ತಿತ್ತು.

"ಆ ಬೆಳಗಿನ ಬ್ಯಾಚಿಗೋಸ್ಕರ," ಅಂದ ಭಾವ. ಪ್ರಶ್ನೆಯಾಗಿ ಅಲ್ಲ. "ಬೇಕು ಅಂತ ನನ್ನ ಹತ್ತಿರ ಒಂದು ಮಾತು ಅಂದಿದ್ದರೆ ನಾನು ಆ ಭಾನುವಾರ ಬರ್ತಾನೇ ಇರಲಿಲ್ಲ ಕಣೋ. ಆರು ಗಂಟೆಗೆ ಎದ್ದು ಮಕ್ಕಳನ್ನ ಓಡಿಸೋಕೆ ನನಗೇನು ಹುಚ್ಚಾ?"

"ತಪ್ಪಾಯ್ತು ಭಾವ."

"ತಪ್ಪು ಅನ್ನಬೇಡ. ನಾವು ಒಂದು ಬೋಲ್ಟು ಬಿಗಿ ಮಾಡೋಕೆ ಮರೆತರೆ ಅದು ತಪ್ಪು. ಗೊತ್ತಿದ್ದೂ ಸಡಿಲ ಬಿಟ್ಟರೆ ಅದಕ್ಕೆ ಬೇರೆ ಹೆಸರಿದೆ." ಅವನು ಕೈ ಚಾಚಿದ. "ಕನ್ನಡಕ ಕೊಡು."

"ಇನ್ನೂ ಕೂರಿಸಿಲ್ಲ, ಒಂದು ನಿಮಿಷ..."

"ಹಾಗೇ ಕೊಡು. ನನ್ನ ಮುಖ ಮುಟ್ಟಬೇಡ."

ಭಾವ ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಬಾಗಿಲವರೆಗೆ ಹೋದ. ಅಲ್ಲಿಂದ, ತಿರುಗದೆ: "ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀನಲ್ಲೋ, ನಿನ್ನ ಕೈ ಜೋರು ಅಂತ. ಸಂಜೆಯೊಳಗೆ ನಿಮ್ಮಕ್ಕನಿಗೆ ನೀನೇ ಹೇಳಬೇಕು. ಇಲ್ಲದಿದ್ದರೆ ನಾನು ಹೇಳ್ತೀನಿ. ನಾನು ಹೇಳಿದರೆ ಚೆನ್ನಾಗಿರಲ್ಲ."

ಬಾಗಿಲು ಮುಚ್ಚಿಕೊಂಡಿತು. ಅಂಗಡಿಯಲ್ಲಿ ನಾಲ್ಕೂ ಕಡೆ ಕನ್ನಡಿಗಳು, ಗಿರಾಕಿಗಳು ಮುಖ ನೋಡಿಕೊಳ್ಳಲಿ ಎಂದು ಇಟ್ಟವು. ಎತ್ತ ತಿರುಗಿದರೂ ಒಂದಲ್ಲ ಒಂದು ಅವನನ್ನು ತೋರಿಸುತ್ತಿತ್ತು. ಅವನು ನೆಲ ನೋಡುತ್ತ ಅಕ್ಕನ ನಂಬರು ಒತ್ತಿದ.

"ಏನಪ್ಪಾ ಸಹಾಯಕ ಮಾಸ್ಟರ್ರೇ!" ಅಕ್ಕನ ಬಾಯಲ್ಲಿ ಏನೋ ಇತ್ತು, ಊಟದ ನಡುವೆ ಎದ್ದು ಬಂದಿದ್ದಳು. "ನಿಮ್ಮ ಭಾವ ಬಂದ್ರಾ? ಕನ್ನಡಕ ಸರಿ ಮಾಡಿದೆಯಾ?"

"ಅಕ್ಕ, ಭಾವನ ಹುಬ್ಬು ನಾನೇ ಒಡೆದದ್ದು."

"ಅದು ಇಡೀ ಬೀದಿಗೇ ಗೊತ್ತು ಬಿಡೋ. ದಿನಾ ಅದನ್ನೇ ಹೇಳ್ಕೊಂಡು ತಿರುಗ್ತಾರೆ."

"ಇಲ್ಲ. ಗೊತ್ತಿಲ್ಲ," ಅಂದ ಅವನು. "ನಡುವೆ ಮಾತಾಡಬೇಡ ಅಕ್ಕ. ನಡುವೆ ಮಾತಾಡಿದರೆ ನನಗೆ ಮುಗಿಸೋಕಾಗಲ್ಲ."

ಅವಳು ಅಗಿಯುವುದನ್ನು ನಿಲ್ಲಿಸಿದ್ದು ಅವನಿಗೆ ಕೇಳಿಸಿತು.